ಕೋರ್ಡೊಬಾಗೆ ಮೂರು ಗಂಟೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಸ್ಪೇನ್ ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಕೋರ್ಡೊಬಾಗೆ ಸಿಕ್ಕಿದ್ದು ಒಂದೇ ಸಾಲು. ಸೆವಿಲ್ಲೆಯಿಂದ ಹೋಗಿ ಮೂರು ಗಂಟೆಯಲ್ಲಿ ನೋಡಿಕೊಂಡು ಬರಬಹುದು, ಅಷ್ಟೇ. ಬರಬಹುದು, ನಿಜ. ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಬೆಳಿಗ್ಗೆ ಕೊಡೆ ಎತ್ತಿ ಹಿಡಿದ ಗೈಡ್ ಹಿಂದೆ ಓಡುತ್ತಾರೆ, ಸಂಜೆ ಬಸ್ಸು ಹತ್ತುತ್ತಾರೆ. ಆ ಊರು ಚೆಂದ ಕಾಣುವುದೇ ಅವರು ಹೊರಟ ಮೇಲೆ. ಅದಕ್ಕೇ ಈ ಪತ್ರ.

ನನ್ನ ಮಗಳು ಕೆಲಸದ ಮೇಲೆ ಮ್ಯಾಡ್ರಿಡ್‌ನಲ್ಲಿದ್ದಾಳೆ. ಮೇ ಕೊನೆಯಲ್ಲಿ ಅವಳ ಹತ್ತಿರ ಹೋಗಿದ್ದಾಗ ಒಂದು ಶುಕ್ರವಾರ ಸಂಜೆ ಅಟೋಚಾ ನಿಲ್ದಾಣದಲ್ಲಿ ರೈಲು ಹತ್ತಿದೆವು. ಅಲ್ಲಿ ಸಾಮಾನು ಸ್ಕ್ಯಾನ್ ಮಾಡಿಸಿಯೇ ಒಳಗೆ ಬಿಡುವುದು, ಕೊನೇ ನಿಮಿಷಕ್ಕೆ ಓಡಿ ಬಂದು ಹತ್ತುವ ಆಟ ನಡೆಯುವುದಿಲ್ಲ. 1992ರಲ್ಲಿ ಶುರುವಾದ ಹೈಸ್ಪೀಡ್ ಮಾರ್ಗ ಅದು. ಕೋರ್ಡೊಬಾ ತಲುಪಲು ಎರಡು ಗಂಟೆಯೂ ಬೇಕಾಗಲಿಲ್ಲ. ಭಾನುವಾರ ಸಂಜೆಯವರೆಗೆ ಅಲ್ಲೇ ಇರುವುದು, ಬೇರೆ ಯಾವ ಊರಿಗೂ ಹೋಗುವುದು ಬೇಡ ಅಂತ ಮೊದಲೇ ಮಾತಾಗಿತ್ತು. ನನ್ನ ಮಂಡಿನೋವು ಒಂದು ಕಾರಣ. ನನ್ನ ಹಟ ಇನ್ನೊಂದು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಮೆಸ್ಕಿತಾ ಬಾಗಿಲಲ್ಲಿದ್ದೆವು. ಮಸೀದಿಯಾಗಿ ಕಟ್ಟಿ, ಆಮೇಲೆ ಚರ್ಚ್ ಆದ ಕಟ್ಟಡ. ಬೆಳಗಿನ ಆ ಒಂದು ಗಂಟೆ ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಿದ್ದರು. ಗುಂಪಿನವರಿಗೆ ಪ್ರವೇಶವಿಲ್ಲ, ಮಾತೂ ಮೆಲ್ಲಗೆ. ಭಾನುವಾರ ಈ ಸೌಲಭ್ಯ ಇರಲಿಲ್ಲ, ಅವತ್ತು ಪೂಜೆಗೆ ಬರುವವರಿಗೆ ಮೊದಲ ಆದ್ಯತೆ. ವಾರಾಂತ್ಯಕ್ಕೆ ಹೋಗುವವರು ಶನಿವಾರವೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು.

ನಾನು ಗಣಿತ ಕಲಿಸಿದವಳು. ಒಳಗಿನ 856 ಕಂಬಗಳನ್ನು ನೋಡಿ ಎಲ್ಲರೂ ಬಾಯಿಬಿಟ್ಟು ನಿಲ್ಲುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಅವನ್ನು ನಿಲ್ಲಿಸಿದವರ ಲೆಕ್ಕಾಚಾರ. ಎಂಟನೇ ಶತಮಾನದ ಕೊನೆಯಲ್ಲಿ ಇಲ್ಲಿಯ ಮುಸ್ಲಿಂ ದೊರೆ ಒಂದನೇ ಅಬ್ದುಲ್ ರಹಮಾನ್ ಕಟ್ಟಡ ಶುರುಮಾಡಿದಾಗ ಬಳಸಿದ್ದು ಹಳೆಯ ರೋಮನ್ ಕಟ್ಟಡಗಳ ಮತ್ತು ರೋಮನರ ನಂತರ ಆಳಿದ ವಿಸಿಗಾಥರ ಕಟ್ಟಡಗಳ ಕಂಬಗಳನ್ನು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಎಲ್ಲವೂ ಗಿಡ್ಡ. ಅಷ್ಟು ದೊಡ್ಡ ಹಜಾರಕ್ಕೆ ಅಷ್ಟು ತಗ್ಗಿನಲ್ಲಿ ಚಾವಣಿ ಹಾಕಿದರೆ ಉಸಿರು ಕಟ್ಟುತ್ತದೆ, ಅಲ್ವಾ? ಅದಕ್ಕೆ ಕಂಬದ ತಲೆಯ ಮೇಲೆ ಇನ್ನೊಂದು ಕಲ್ಲಿನ ಕಂಬ ಏರಿಸಿ, ಒಂದರ ಮೇಲೊಂದು ಎರಡು ಕಮಾನು ಕಟ್ಟಿದರು. ಮೇಲಿನದು ಚಾವಣಿಯ ಭಾರ ಹೊರುತ್ತದೆ. ಕೆಳಗಿನದು ಕಂಬಗಳು ಅತ್ತಿತ್ತ ವಾಲದಂತೆ ಹಿಡಿದುಕೊಳ್ಳುತ್ತದೆ. ಎರಡರ ನಡುವೆ ಖಾಲಿ. ಬೆಳಕು ಅಲ್ಲೇ ಹಾಯ್ದು ಹೋಗುತ್ತದೆ.

ಕಮಾನುಗಳ ಕೆಂಪು-ಬಿಳಿ ಪಟ್ಟೆಗಳನ್ನು ಹತ್ತಿರದಿಂದ ನೋಡಬೇಕು. ಹಳೆಯ ಭಾಗದಲ್ಲಿ ಕೆಂಪು ಅಂದರೆ ನಿಜವಾದ ಇಟ್ಟಿಗೆ, ಬಿಳಿ ಅಂದರೆ ಕಲ್ಲು. ಹತ್ತನೇ ಶತಮಾನದ ಕೊನೆಯಲ್ಲಿ ಆಡಳಿತ ನಡೆಸುತ್ತಿದ್ದ ಅಲ್ ಮನ್ಸೂರ್ ಪೂರ್ವಕ್ಕೆ ವಿಸ್ತರಿಸಿದ ಭಾಗಕ್ಕೆ ಬನ್ನಿ. ಅಲ್ಲಿ ಎಲ್ಲವೂ ಕಲ್ಲೇ, ಕೆಂಪು ಬರೀ ಬಣ್ಣ! ದೊಡ್ಡದಾಗಿ ಬೇಗ ಮುಗಿಸಬೇಕು ಅಂತ ಹೊರಟ ಕಾಮಗಾರಿ ಯಾವ ಕಾಲದಲ್ಲೂ ಹೀಗೇ ಅನ್ನಿಸಿ ನಗು ಬಂತು. ನಡುವೆ 16ನೇ ಶತಮಾನದಲ್ಲಿ ಎಬ್ಬಿಸಿದ ಚರ್ಚ್ ಇದೆ. ಕೆತ್ತನೆ ಭರ್ಜರಿ. ಆದರೆ ಅದಕ್ಕೆ ಜಾಗ ಬೇಕೆಂದು ಕಂಬಗಳನ್ನು ಕಿತ್ತಿದ್ದು ನನಗಂತೂ ಸರಿಕಾಣಲಿಲ್ಲ. ಒಂಬತ್ತೂಕಾಲು ದಾಟುತ್ತಿದ್ದಂತೆ ಸಿಬ್ಬಂದಿ ಎಲ್ಲರನ್ನೂ ಹೊರಗೆ ಕಳಿಸತೊಡಗಿದರು. ಕಿತ್ತಳೆ ಮರಗಳ ಅಂಗಳದಲ್ಲಿ ನೆರಳು ಹುಡುಕಿ ಕೂತೆವು. ಹೊರಗೆ ಆಗಲೇ ಗುಂಪುಗಳ ಸಾಲು ಬೆಳೆಯುತ್ತಿತ್ತು.

ಮಧ್ಯಾಹ್ನ ಎರಡರಿಂದ ಐದರವರೆಗೆ ಊರಿನ ಅರ್ಧದಷ್ಟು ಅಂಗಡಿಗಳ ಶಟರ್ ಕೆಳಗೆ. ಪ್ರವಾಸಿಗರು ಇದಕ್ಕೆ ಗೊಣಗುತ್ತಾರೆ. ಜುಲೈ-ಆಗಸ್ಟ್‌ನಲ್ಲಿ 40 ಡಿಗ್ರಿ ದಾಟುವುದು ಮಾಮೂಲಾಗಿರುವ ಊರಿನಲ್ಲಿ ಆ ಹೊತ್ತಿಗೆ ಬೀದಿ ಸುತ್ತುವುದು ಜಾಣತನವೂ ಅಲ್ಲ. ನಾವೂ ಊಟ ಮಾಡಿ ಮಲಗಿದೆವು. ಊಟದ ವಿಷಯ ಹೇಳಲೇಬೇಕು. ನಿಮ್ಮ ಲೇಖಕರು ಸಸ್ಯಾಹಾರಿಗಳಿಗೆ ಸ್ಪೇನ್ ಕಷ್ಟ ಅಂದಿದ್ದಾರೆ. ಈ ಊರಿನಲ್ಲಿ ಅಷ್ಟೇನೂ ಕಷ್ಟವಿಲ್ಲ. ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ನುಣ್ಣಗೆ ಅರೆದು ತಣ್ಣಗೆ ಕೊಡುವ ಸಾಲ್ಮೊರೆಹೊ ಇಲ್ಲಿಯದೇ ತಿನಿಸು. ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರು ಉದುರಿಸುತ್ತಾರೆ. ಎರಡೂ ಬೇಡ ಅಂತ ಆರ್ಡರ್ ಕೊಡುವಾಗಲೇ ಹೇಳಬೇಕು. ಇನ್ನೊಂದು, ಗರಿಗರಿಯಾಗಿ ಕರಿದ ಬದನೆಕಾಯಿ. ಅದರ ಮೇಲೆ ಜೋನಿಬೆಲ್ಲದಂಥ ಕಬ್ಬಿನ ಕಪ್ಪು ಪಾಕ ಸುರಿದು ಕೊಡುತ್ತಾರೆ. ಎರಡನೇ ತಟ್ಟೆ ತರಿಸಿದ್ದು ನಾನೇ.

ಸಂಜೆ ಆರರ ಮೇಲೆ ಸಾನ್ ಬಸೀಲಿಯೊ ಬಡಾವಣೆಗೆ ಹೋದೆವು. ಮನೆಗಳ ಒಳಗಿನ ಅಂಗಳ, ಅದನ್ನು ಪಾತಿಯೊ ಅನ್ನುತ್ತಾರೆ, ಅಲ್ಲಿಯ ಹೆಮ್ಮೆ. 1921ರಿಂದ ಇವಕ್ಕೆ ಸ್ಪರ್ಧೆ ನಡೆಯುತ್ತಿದೆ, 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಮೇ ಮೊದಲ ಎರಡು ವಾರ ಹಬ್ಬ, ಆಗ ಜನವೋ ಜನ. ನಾವು ಹೋದಾಗ ಹಬ್ಬ ಮುಗಿದಿತ್ತು, ಹೂವು ಮುಗಿದಿರಲಿಲ್ಲ. ಒಂದು ಮನೆಯಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸು ಗಿಡಕ್ಕೆ ನೀರು ಹಾಕುತ್ತಿದ್ದರು. ಸುಣ್ಣದ ಗೋಡೆಯ ತುಂಬ, ಮಾಳಿಗೆಯವರೆಗೂ ಕುಂಡಗಳು. ಆಕೆಯ ಕೈಯಲ್ಲಿ ಉದ್ದನೆಯ ಬಿದಿರಿನ ಕೋಲು, ತುದಿಗೆ ಕಟ್ಟಿದ ತಗಡಿನ ಡಬ್ಬಿ. ಬಕೆಟ್‌ನಲ್ಲಿ ಅದ್ದುತ್ತಾರೆ, ತುಳುಕದಂತೆ ಎತ್ತುತ್ತಾರೆ, ಮೇಲಿನ ಸಾಲಿನ ಕುಂಡಕ್ಕೆ ಮೆಲ್ಲಗೆ ಬಗ್ಗಿಸುತ್ತಾರೆ. ಮಣ್ಣು ಕುಡಿದು ಉಳಿದ ನೀರು ಗೋಡೆಗುಂಟ ಕೆಳಗಿನ ಕುಂಡಕ್ಕೆ ತೊಟ್ಟಿಕ್ಕುತ್ತದೆ. ನನಗೂ ಕೋಲು ಕೊಟ್ಟರು. ತುಂಬಿದ ಡಬ್ಬಿ ಅಷ್ಟೆತ್ತರದಲ್ಲಿ ಎಷ್ಟು ಭಾರ ಅಂತ ಹಿಡಿದವರಿಗೇ ಗೊತ್ತು. ಮೊದಲು ನನ್ನ ಮಗಳು ಇದಕ್ಕೆಲ್ಲ ಪೈಪ್ ಇಲ್ವಾ ಅಂದಿದ್ದಳು. ಇಲ್ಲಿ ನೋಡಿದ ಮೇಲೆ ಸುಮ್ಮನಾದಳು.

ಕತ್ತಲಾಗುವುದು ತಡ. 1940ರಿಂದ ಸ್ಪೇನಿನ ಗಡಿಯಾರ ಬರ್ಲಿನ್ ಜೊತೆ ನಡೆಯುತ್ತಿದೆ, ದೇಶ ಮಾತ್ರ ಬಹಳ ಪಶ್ಚಿಮಕ್ಕಿದೆ. ಹಾಗಾಗಿ ಮೇ ಕೊನೆಯಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲು. ಊಟ ಅದಾದ ಮೇಲೆಯೇ. ಆ ಹೊತ್ತಿನಲ್ಲಿ ಗ್ವಾದಲ್ಕಿವಿರ್ ನದಿಯ ರೋಮನ್ ಸೇತುವೆ ಮೇಲೆ ಊರಿನ ಜನ ಸುಮ್ನೆ ಓಡಾಡುತ್ತಾರೆ. 2004ರಿಂದ ಅಲ್ಲಿ ವಾಹನಗಳಿಲ್ಲ. ತಳ್ಳುಗಾಡಿಯಲ್ಲಿ ಮಗು, ಕೈಹಿಡಿದು ನಡೆಯುವ ಅಜ್ಜ-ಅಜ್ಜಿ, ಕೆಳಗೆ ನದಿಯ ನಡುಗಡ್ಡೆಗಳಲ್ಲಿ ಗೂಡಿಗೆ ಮರಳುವ ಬೆಳ್ಳಕ್ಕಿಗಳ ಗಲಾಟೆ. ದಡದಲ್ಲಿ ಹಳೆಯ ನೀರಿನ ಚಕ್ರವೊಂದಿದೆ. ಅದರ ಕಿರುಗುಟ್ಟುವಿಕೆಗೆ ನಿದ್ದೆಗೆಟ್ಟು ರಾಣಿ ಇಸಬೆಲ್ಲಾ ಬಿಚ್ಚಿಸಿದಳಂತೆ. ಈಗಿರುವುದು ಆಮೇಲೆ ಮತ್ತೆ ಮಾಡಿದ್ದು.

ಭಾನುವಾರ ಯಹೂದಿ ಕೇರಿಯಲ್ಲಿ ನಡೆದೆವು, 1315ರ ಪುಟ್ಟ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಿದೆವು. ಇದೇ ಊರಲ್ಲಿ ಹುಟ್ಟಿದ ವೈದ್ಯ-ತತ್ವಜ್ಞಾನಿ ಮೈಮೊನಿಡಿಸ್‌ನ ಪ್ರತಿಮೆ ಅಲ್ಲೇ ಹತ್ತಿರ. ಜನ ಮುಟ್ಟಿ ಮುಟ್ಟಿ ಅವನ ಪಾದ ಮಿರಮಿರ ಹೊಳೆಯುತ್ತಿದೆ. ಕೊಲಂಬಸ್ ರಾಜ-ರಾಣಿಯರನ್ನು ಕಂಡ ಕೋಟೆಗೆ ನಾವು ಹೋಗಲಿಲ್ಲ. ಹೋಗಬೇಕು ಅನ್ನಿಸಲೂ ಇಲ್ಲ.

ಸಂಪಾದಕರೇ, ಪ್ರವಾಸ ಪುಟದಲ್ಲಿ ಒಂದು ಊರಿಗೆ ಒಂದು ಪುಟ ಕೊಡಿ. ಯಾವ ದಿನ ಯಾವುದು ಮುಚ್ಚಿರುತ್ತದೆ, ಎಲ್ಲಿ ಕೂರಬಹುದು, ದಾರಿ ಎಂಥದ್ದು ಅಂತ ಬರೆಸಿ. ಕೋರ್ಡೊಬಾದ ಹಳೇ ಬೀದಿಗಳಿಗೆ ಹಾಸಿರುವುದು ಉರುಟು ಕಲ್ಲು. ಒಳ್ಳೆಯ ಶೂ ಇಲ್ಲದೆ ಹೋದರೆ ಪಾದದ ಕಥೆ ಮುಗಿಯಿತು. ಇದು ನಿಮ್ಮ ಲೇಖನದಲ್ಲಿ ಇರಲೇ ಇಲ್ಲ. ಮುಂದಿನ ಕಂತು ಗ್ರನಾಡಾ ಅಂತ ಹಾಕಿದ್ದೀರಿ. ಅಲ್ಲಿಯ ಅಲ್ಹಾಂಬ್ರಾ ಕೋಟೆಯೊಳಗಿನ ನಸ್ರಿದ್ ಅರಮನೆಗಳಿಗೆ ಟಿಕೆಟ್‌ನಲ್ಲಿ ಬರೆದ ಹೊತ್ತಿಗೇ ಹೋಗಬೇಕು, ಮೊದಲೇ ಬುಕ್ ಮಾಡದಿದ್ದರೆ ಸಿಗುವುದು ಕಷ್ಟ. ದಯವಿಟ್ಟು ಅದನ್ನಾದರೂ ಮೊದಲ ಪ್ಯಾರಾದಲ್ಲೇ ಹಾಕಿ.

ಇತಿ,
ನಿವೃತ್ತ ಗಣಿತ ಶಿಕ್ಷಕಿ