ಕ್ಯಾಂಪಿನ ನೀರು, ಕಸ, ಬೀದಿ ದೀಪದ ಬಗ್ಗೆ ಗ್ರಾಮ ಪಂಚಾಯಿತಿಗೆ ನಿವಾಸಿಗಳ ಮನವಿ

ಇವರಿಗೆ:
ಮಾನ್ಯ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ, ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ

ಇವರಿಂದ:
ಬೈಲಕುಪ್ಪೆ ಟಿಬೆಟನ್ ಕ್ಯಾಂಪಿನ ನಿವಾಸಿಗಳು

ವಿಷಯ: ನಲ್ಲಿ ಸಂಪರ್ಕ, ಕಸ ವಿಲೇವಾರಿ ಮತ್ತು ಬೀದಿ ದೀಪ ಕೋರಿ ಮನವಿ

ಮಾನ್ಯರೇ,

ಬೇಸಿಗೆ ಬಂದರೆ ನಮ್ಮ ಬೀದಿ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಅದೂ ಬೆಳಗಿನ ಜಾವ, ಕರೆಂಟ್ ಇದ್ದರೆ. ಕೊಡಗಳ ಸಾಲು ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಗುರುತಿಗೆ ಅಂತ ಒಬ್ಬರು ಕೊಡದ ಕುತ್ತಿಗೆಗೆ ಕೆಂಪು ದಾರ ಕಟ್ಟಿರುತ್ತಾರೆ, ಇನ್ನೊಬ್ಬರು ಪೇಂಟಿನಲ್ಲಿ ಮನೆ ನಂಬರ್ ಬರೆದಿರುತ್ತಾರೆ. ನಿಲ್ಲುವವರು ಹೆಚ್ಚಾಗಿ ಎಪ್ಪತ್ತು ದಾಟಿದ ಅಜ್ಜಿಯರು. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಕೊಡ. ಅವರ ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದಾರೆ.

ಹೊಸ ನಲ್ಲಿಗೆ ಅರ್ಜಿ ಹಾಕಿದರೆ ಪಹಣಿ ತನ್ನಿ, ಖಾತೆ ತನ್ನಿ ಅಂತಾರೆ. ಎಲ್ಲಿಂದ ತರೋದು? ಜಾಗ ಸರ್ಕಾರದ್ದು. ನಮ್ಮ ಹೆಸರಲ್ಲಿ ಇರುವುದು ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ದಾಖಲೆ, ಅಂದರೆ ಆರ್‌ಸಿ ಪುಸ್ತಕ ಒಂದೇ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಲ್ಲ ಕಡೆ ಹೊತ್ತುಕೊಂಡು ಹೋಗುತ್ತೇವೆ, ಅವಧಿ ಮುಗಿಯುವ ಮೊದಲೇ ನವೀಕರಿಸುತ್ತೇವೆ. ಆದರೂ ಇಲ್ಲಿ ಕೇಳಿದರೆ ಕ್ಯಾಂಪಿನ ಆಫೀಸಿಗೆ ಹೋಗಿ ಅಂತಾರೆ, ಅಲ್ಲಿ ಕೇಳಿದರೆ ಪಂಚಾಯಿತಿಗೆ ಹೋಗಿ ಅಂತಾರೆ. ಈ ಓಡಾಟದಲ್ಲಿ ಒಂದು ಬೇಸಿಗೆಯೇ ಕಳೆದುಹೋಯಿತು.

ಕೌಂಟರಿನಲ್ಲಿ ಒಬ್ಬರು "ನೀವು ಹೊರಗಿನವರು" ಅಂದದ್ದೂ ಇದೆ. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡು ಜಾಗ ಕೊಟ್ಟದ್ದು 1960ರ ಹೊತ್ತಿಗೆ. ನಮ್ಮ ಹಿರಿಯರು ಆ ಕಾಡು ಕಡಿದು ಹೊಲ ಮಾಡಿದರು. ಎರಡನೇ ಸೆಟಲ್‌ಮೆಂಟ್ ಡಿಕ್ಕಿ ಲಾರ್ಸೋ ಕೂಡ 1969ರದ್ದು. ನಮ್ಮಲ್ಲಿ ಹೆಚ್ಚಿನವರು ಹುಟ್ಟಿದ್ದೇ ಇಲ್ಲಿ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ರಸ್ತೆ, ಕರೆಂಟು, ಕುಡಿಯುವ ನೀರನ್ನು ಈಗಿರುವ ಯೋಜನೆಗಳಲ್ಲೇ ನಮ್ಮಂಥ ಊರುಗಳಿಗೂ ಕೊಡಬೇಕು ಅಂತ ರಾಜ್ಯಗಳಿಗೆ ಹೇಳಲಾಗಿದೆ. ನರೇಗಾ, ಪಡಿತರದ ಮಾತೂ ಅದರಲ್ಲಿದೆ. ಅಂದಮೇಲೆ ಪಹಣಿ ಇಲ್ಲ ಅಂತ ನೀರು ನಿಲ್ಲಿಸುವುದು ಸರಿಯಲ್ಲ, ಅಲ್ವಾ? ನಮ್ಮಲ್ಲಿ ಕೆಲವರಿಗಷ್ಟೇ ವೋಟಿದೆ. ನಮ್ಮ ಅರ್ಜಿ ಫೈಲಿನ ತಳದಲ್ಲೇ ಉಳಿಯುವುದು ಅದಕ್ಕೇ ಇರಬಹುದು ಅಂತ ನಮಗೆ ಅನ್ನಿಸುತ್ತದೆ. ಹಾಗಲ್ಲ ಅಂತ ನೀವು ತೋರಿಸಿಕೊಟ್ಟರೆ ಸಂತೋಷ.

ಇನ್ನು ಕಸದ ವಿಚಾರ. ಶನಿವಾರ, ಭಾನುವಾರ ಇಲ್ಲಿನ ಬೌದ್ಧ ಮಠದ ಗೋಲ್ಡನ್ ಟೆಂಪಲ್ ನೋಡಲು ಬರುವ ಕಾರು, ಟೆಂಪೊ ಟ್ರಾವೆಲರ್‌ಗಳಿಗೆ ಲೆಕ್ಕವಿಲ್ಲ. ಬರಲಿ, ನಮ್ಮ ಅಂಗಡಿ, ಮೊಮೊ ಹೋಟೆಲ್‌ಗಳು ನಡೆಯುವುದೇ ಅವರಿಂದ. ಆದರೆ ತಿಂದ ತಟ್ಟೆ, ನೀರಿನ ಬಾಟಲಿ ಎಲ್ಲ ನಮ್ಮ ಜೋಳದ ಹೊಲದ ಬದುವಿನಲ್ಲಿ ಬೀಳುತ್ತವೆ. ಕಸದ ಗಾಡಿ ಮುಖ್ಯ ರಸ್ತೆಯಿಂದಲೇ ವಾಪಸ್ ಹೋಗುತ್ತದೆ. ಸೋಮವಾರ ಬೆಳಗ್ಗೆ ದನ, ನಾಯಿ ಎಲ್ಲ ಅದರ ಮೇಲೇ. ವಾರಕ್ಕೆ ಎರಡು ಸಲವಾದರೂ ಗಾಡಿ ಒಳಬೀದಿಗಳಿಗೆ ಬರಬೇಕು. ಅದರಲ್ಲಿ ಒಂದು ಸೋಮವಾರ ಇರಲೇಬೇಕು.

ಬೀದಿ ದೀಪ ಕೇಳುತ್ತಿರುವುದು ಆನೆ ಭಯಕ್ಕೆ. ಮುಸುಕಿನ ಜೋಳ ಬಲಿಯುವ ಹೊತ್ತಿಗೆ ಕಾಡಂಚಿನ ಬೀದಿಗಳಲ್ಲಿ ಕತ್ತಲಾದ ಮೇಲೆ ಓಡಾಡಲು ಆಗುವುದಿಲ್ಲ. ಕುಯಿಲು ಮುಗಿದರೆ ಗಟ್ಟಿಮುಟ್ಟಾದವರು ಸ್ವೆಟರ್ ವ್ಯಾಪಾರಕ್ಕೆ ಬೇರೆ ಊರುಗಳಿಗೆ ಹೊರಟುಬಿಡುತ್ತಾರೆ. ಚಳಿಗಾಲದಲ್ಲಿ ಎಷ್ಟೋ ಮನೆಗಳಲ್ಲಿ ಉಳಿಯುವುದು ವಯಸ್ಸಾದವರು, ಸಣ್ಣ ಮಕ್ಕಳು ಅಷ್ಟೇ. ಕಂಬಗಳು ಆಗಲೇ ಇವೆ. ಬಲ್ಬು ಹಾಕಿಸಿದರೆ ಸಾಕು.

ನಲ್ಲಿ ಸಂಪರ್ಕಕ್ಕೆ ಆರ್‌ಸಿ ಪ್ರತಿ ಮತ್ತು ಕ್ಯಾಂಪಿನ ಆಫೀಸಿನ ದೃಢೀಕರಣ ಪತ್ರವನ್ನು ಒಪ್ಪಿಕೊಳ್ಳಿ. ಆಗಲ್ಲ ಅನ್ನುವುದಾದರೆ ಯಾವ ನಿಯಮದಲ್ಲಿ ಆಗಲ್ಲ, ಈ ಕೆಲಸ ಯಾರದ್ದು ಅಂತ ಬರೆದು ಕೊಡಿ. ಬಾಯಿಮಾತಿನ ಉತ್ತರ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಆ ದಿನ ನಮಗೂ ತಿಳಿಸಿ, ಬರುತ್ತೇವೆ. ನಮ್ಮಲ್ಲಿ ಕನ್ನಡ ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ.

ಕ್ಯಾಂಪಿನಲ್ಲಿ ಅಂಗಡಿ ಇಟ್ಟಿರುವ, ಹೊಲದ ಕೆಲಸಕ್ಕೆ ಬಂದು ಇಲ್ಲೇ ಉಳಿದಿರುವ ಅಕ್ಕಪಕ್ಕದ ಊರಿನವರೂ ಇದಕ್ಕೆ ಸಹಿ ಹಾಕಿದ್ದಾರೆ. ನೀರಿನ ಸಾಲಿನಲ್ಲಿ ಅವರ ಕೊಡಗಳೂ ಇವೆ.

ವಂದನೆಗಳೊಂದಿಗೆ,
ಕ್ಯಾಂಪ್ ನಿವಾಸಿಗಳು

ಲಗತ್ತು: ಸಹಿಗಳ ಹಾಳೆ, ಹಿಂದಿನ ಅರ್ಜಿಗಳ ಸ್ವೀಕೃತಿ ಪ್ರತಿ, ಕಸ ಬಿದ್ದಿರುವ ಜಾಗಗಳ ಫೋಟೊ