ಮನೆಯೊಳಗಿನ ಗಿಡ ಸಾಯೋದು ಜಾಸ್ತಿ ನೀರಿಂದಾನೇ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜನವರಿ, ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಆದಾಗ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಲ್ರೂ ಆಸೆಯಿಂದ ಗಿಡ ತರ್ತಾರೆ, ಎರಡು ತಿಂಗಳಲ್ಲಿ ಅರ್ಧ ಗಿಡ ಕಸದ ಬುಟ್ಟಿ ಸೇರ್ತವೆ, ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ಕಾರಣ ಹೆಚ್ಚಾಗಿ ನೀರೇ. ಬಿಸಿಲು ಬೀಳದ ಒಳಮನೇಲಿ ಮಣ್ಣು ಬೇಗ ಒಣಗಲ್ಲ, ಆದ್ರೂ ದಿನಾ ಒಂದು ಚೊಂಬು ಸುರೀತಾರೆ, ಬೇರಿಗೆ ಗಾಳಿ ಸಿಗದೆ ಕೊಳೆಯತ್ತೆ, ಎಲೆ ಬಾಡತ್ತೆ, ಬಾಡಿದ್ದು ನೋಡಿ ಇನ್ನೂ ನೀರು ಹಾಕ್ತಾರೆ! ಬೆರಳನ್ನ ಒಂದಿಂಚು ಮಣ್ಣೊಳಗೆ ಇಟ್ಟು ನೋಡಿ, ಒಣಗಿದ್ರೆ ಮಾತ್ರ ಹಾಕಿ, ಕುಂಡದ ತೂತಿಂದ ಇಳಿಯೋವರೆಗೆ ಹಾಕಿ, ತಟ್ಟೇಲಿ ನಿಂತ ನೀರು ಚೆಲ್ಲಿ.

ಇನ್ನೊಂದು, ಕುಡಿಯೋ ನೀರು ಶುದ್ಧ ಮಾಡೋ ಆರ್‌ಒ ಮೆಷಿನ್ ಹೊರಗೆ ಬಿಡೋ ನೀರು. ಚೆಲ್ಲೋಕೆ ಮನಸ್ಸಾಗಲ್ಲ ಅಂತ ಗಿಡಕ್ಕೆ ಹಾಕೋರು ತುಂಬಾ ಜನ, ಆದ್ರೆ ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದ್ರಲ್ಲೇ ಸಾಂದ್ರವಾಗಿರತ್ತೆ, ಕುಂಡದಲ್ಲಿ ಬಿಳಿ ಪದರ ಕಟ್ಟಿ ಎಲೆ ತುದಿ ಸುಡತ್ತೆ. ಅದನ್ನ ನೆಲ ಒರೆಸೋಕೆ ಇಟ್ಕೊಳ್ಳಿ, ಗಿಡಕ್ಕೆ ಮಳೆನೀರು ಹಿಡಿದಿಟ್ರೆ ಒಳ್ಳೇದು.

ಗೊಬ್ಬರಾನೂ ಅಷ್ಟೇ. ಬರೀ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಸತ್ವ ಕಮ್ಮಿ, ಎರೆಗೊಬ್ಬರ ಬೆರೆಸ್ಲೇಬೇಕು. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರೋ ರಾಸಾಯನಿಕ ಗೊಬ್ಬರ) ಹಾಕೋದಾದ್ರೆ ಲೀಟರ್ ನೀರಿಗೆ ಒಂದು ಗ್ರಾಂಗಿಂತ ಜಾಸ್ತಿ ಬೇಡ, ಒಣಮಣ್ಣಿಗೆ ಹಾಕ್ಬೇಡಿ. ಹೊಸದಾಗಿ ತಂದ ಗಿಡಕ್ಕೆ ಒಂದು ತಿಂಗಳು ಯಾವ ಗೊಬ್ಬರಾನೂ ಬೇಡ. ನರ್ಸರಿಯೋರು ಗಿಡ ಮಾರೋವಾಗ ಇಷ್ಟನ್ನ ಒಂದು ಚೀಟೀಲಿ ಬರೆದು ಕೊಡ್ಲಿ, ನಿಮ್ಮ ಪತ್ರಿಕೆನೂ ವಾರಕ್ಕೊಂದು ಸಣ್ಣ ಅಂಕಣ ಕೊಡಿ ಅಂತ ಕೇಳ್ಕೋತೀನಿ.

ಇಂತಿ,
ಓದುಗಳು, ಬೆಂಗಳೂರು