ಭಾನುವಾರದ ಪ್ರಾಕ್ಟೀಸ್: ಬೌಲರ್‌ಗಳ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6:30ಕ್ಕೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಟೆನಿಸ್ ಬಾಲ್ ಪ್ರಾಕ್ಟೀಸ್ ಇದೆ.

ಅಡ್ಡಗೈ ಬೀಸಿ ಬೌಲಿಂಗ್ ಮಾಡುವ ಹುಡುಗರಿಗೆ ‘ಕೈ ಮೇಲೆತ್ತೋ’ ಅಂತ ಯಾರೂ ಸುಮ್ನೆ ಕೂಗಬೇಡಿ. ಶ್ರೀಲಂಕಾದ ಲಸಿತ್ ಮಾಲಿಂಗ ಕೂಡ ಹೀಗೇ ಕಡಲತೀರದ ಮರಳಲ್ಲಿ, ಟೆನಿಸ್ ಬಾಲ್‌ನಲ್ಲೇ ಆಡಿ ಬೆಳೆದವರು. ಅವರ ಕೈ ಅಂಪೈರ್ ಎದೆಯ ಮಟ್ಟದಲ್ಲಿ ಸುತ್ತಿ ಬರುತ್ತಿತ್ತು. ಬ್ಯಾಟ್ಸ್‌ಮನ್‌ಗೆ ಚೆಂಡು ಕಾಣುವುದೇ ತಡ, ಅಷ್ಟರಲ್ಲಿ ಕಾಲಬುಡಕ್ಕೆ ಯಾರ್ಕರ್! 2004ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಮೊದಲ ಟೆಸ್ಟ್. 2007ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಸತತ 4 ಚೆಂಡಿಗೆ 4 ವಿಕೆಟ್. (ಪಂದ್ಯ ಸೋತರು, ಅದು ಬೇರೆ ಮಾತು.)

ನಿಯಮ ನೋಡುವುದು ಮೊಣಕೈಯನ್ನು. ಕೈ ಬೀಸಿ ಚೆಂಡು ಬಿಡುವಷ್ಟರಲ್ಲಿ ಮಡಿಸಿದ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾದರೆ ಮಾತ್ರ ತಿದ್ದೋಣ.

ರಂಪಣಿ ಬಲೆ (ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ) ಎಳೆಯುವವರು ಬಂದರೆ ಸ್ಟಂಪ್ ಕಿತ್ತು ಆಚೆ ಹಾಕಿಕೊಳ್ಳಿ.